ಅಂಗಳದಲ್ಲಿ ಹುಟ್ಟಿದ ದೋಣಿ

1973, ಮೇ 28, ಸೋಮವಾರ

ಮಾದಪ್ಪನ ಪಾದಕ್ಕೆ ಶರಣು.

ಇವರು ಇವತ್ತು ಬಾಯಿಬಿಟ್ಟು ಮಾತಾಡಿದರು. ಬರೆದಿಡಬೇಕು ಅನ್ನಿಸಿತು. ಇವರು ಎಂದರೆ ನನ್ನ ಯಜಮಾನರು. ಮದುವೆಯಾದಂದಿನಿಂದ ಅವರ ಹೆಸರು ನನ್ನ ಬಾಯಲ್ಲಿ ಬಂದಿಲ್ಲ, ಕಾಗದದ ಮೇಲೂ ಬರುವುದು ಬೇಡ. ಮೆಟ್ಟೂರು ಅಣೆಕಟ್ಟೆಯ ಲಾಂಚು ಓಡಿಸುತ್ತಿದ್ದವರು ಪಂಗುಣಿ ತಿಂಗಳಲ್ಲಿ, ಮಾರ್ಚ್ ಕೊನೆಗೆ, ರಿಟೈರಾದರು. ಅಂದಿನಿಂದ ಜಗುಲಿಯ ಕಂಬಕ್ಕೆ ಒರಗಿ ನೀರಿನ ಕಡೆ ನೋಡುತ್ತಾ ಕೂತಿದ್ದರು. ಊಟಕ್ಕೆ ಬನ್ನಿ ಎಂದರೆ ಬರುವರು, ಏಳಿ ಎಂದರೆ ಏಳುವರು, ಅಷ್ಟೇ. ಕಟ್ಟಿಹಾಕಿದ ಟಗರು ಸೊರಗಿದ ಹಾಗೆ ಸೊರಗಿದ್ದರು. ಮನುಷ್ಯನಿಗೆ ಮಾತು ಬರಲಿ ಎಂದು ಮಾದಪ್ಪನಿಗೆ ಹರಕೆ ಹೊತ್ತಿದ್ದೆ.

ಮಾತು ಬಂತು. ಆದರೆ ಎಂಥ ಮಾತು! ಹಳೆಯದೊಂದು ದೋಣಿ ಕೊಳ್ಳಬೇಕಂತೆ. ಇಂಜಿನ್ ಇರಬೇಕು, ಮೇಲೆ ಸೂರಿರಬೇಕು, ಇಬ್ಬರು ಮಲಗಲು, ಒಂದು ಒಲೆ ಹೂಡಲು ಜಾಗವಿರಬೇಕು. ಆಡಿ ತಿಂಗಳ ಹದಿನೆಂಟಕ್ಕೆ ಹೊಸನೀರಿಗೆ ಪೂಜೆ ಮಾಡಿ ಹೊರಟು, ಮನಸ್ಸು ಬಂದ ದಡದಲ್ಲಿ ನಿಲ್ಲಿಸಿ, ಅಲ್ಲೇ ಅಡುಗೆ ಮಾಡಿ ಉಂಡು, ಪಾಲಾರಿನ ತನಕ ಹೋಗಿ ಮಾದಪ್ಪನ ಬೆಟ್ಟ ಹತ್ತಿ ಬರಬೇಕಂತೆ.

"ಇಷ್ಟು ವರ್ಸ ಇಂಜಿನಿಯರುಗಳ್ನ ಕೂರುಸ್ಕೊಂಡು ಓಡಿಸ್ದೆ. ನಿನ್ನ ಒಂದಿನಾನೂ ಕೂರುಸ್ನಿಲ್ಲ," ಎಂದರು. "ನೀನು ಬತ್ತೀನಿ ಅಂದ್ರೆ ತಕ್ಕೊತೀನಿ. ಇಲ್ಲಾಂದ್ರೆ ಬ್ಯಾಡ, ಬುಡು."

ನಾನು ಹೇಗೆ ಹೋಗಲಿ? ನನಗೆ ಹನ್ನೊಂದು ವರ್ಷವಿದ್ದಾಗ ಅಣೆಕಟ್ಟೆಯ ನೀರು ನಮ್ಮ ಊರನ್ನು ತೆಗೆದುಕೊಂಡಿತು. ತಾತನ ಮನೆ, ಗುಡಿ, ಕುರಿರೊಪ್ಪ ಎಲ್ಲ ಅದರ ಕೆಳಗಿದೆ. ಆ ನೀರಿನ ಮೇಲೆ ಹೋಗುವುದೆಂದರೆ ಹಿರಿಯರ ನೆತ್ತಿ ತುಳಿದ ಹಾಗೆ ಎಂದು ಅವ್ವ ಹೇಳಿದ್ದಳು. ಇಲ್ಲಿಯ ತನಕ ನಾನು ತುಳಿದಿಲ್ಲ. ಆಚೆ ದಡದ ನಾಗಮರೆಯಲ್ಲಿರುವ ಮಗಳನ್ನು ನೋಡಬೇಕೆಂದರೂ ಮೆಟ್ಟೂರು, ಮೇಚೇರಿ, ಪೆನ್ನಾಗರಂ ಎಂದು ದಿನವಿಡೀ ಬಸ್ಸಿನಲ್ಲಿ ಸುತ್ತುತ್ತೇನೆ. ದೋಣಿಯಲ್ಲಾದರೆ ಅದು ಎಲೆಯಡಿಕೆ ಜಗಿದು ಉಗಿಯುವಷ್ಟರ ದಾರಿ.

ಆದರೂ ಅವರ ಮುಖ ನೋಡಿ ಬೇಡ ಎನ್ನಲಾಗಲಿಲ್ಲ. ನೋಡೋಣ ಎಂದೆ. ಮಾದಪ್ಪ, ದೋಣಿ ಸಿಗದ ಹಾಗೆ ನೀನೇ ಮಾಡು.

ಜೂನ್ 3, ಭಾನುವಾರ

ಮೆಟ್ಟೂರಿಗೆ ಹೋಗಿದ್ದೆವು. ಗುಜರಿ ವ್ಯಾಪಾರದ ಕುಪ್ಪುಸ್ವಾಮಿಯ ಬಳಿ ಕಬ್ಬಿಣದ ಲಾಂಚೊಂದಿದೆ. ಶೆಡ್ಡಿನೊಳಗೆ ನೆಲದ ಮೇಲೇ ಇದ್ದುದರಿಂದ ನಾನೂ ಹತ್ತಿ ನೋಡಿದೆ. ಒಳಗೆ ಸೀಮೆಎಣ್ಣೆ, ತುಕ್ಕು, ಬಾವಲಿ ಎಲ್ಲ ಸೇರಿ ಒಂದು ವಾಸನೆ.

ಕುಪ್ಪುಸ್ವಾಮಿ ಇಂಜಿನ್ನಿನ ಬೆನ್ನು ತಟ್ಟಿ, ಕುದುರೆ ಮಾದಿರಿ ಅಕ್ಕಾ ಎಂದು ಅರೆ ತಮಿಳಿನಲ್ಲಿ ಹೊಗಳಿದ. ಕುದುರೆ ಸರಿ, ಒಲೆಯನ್ನು ಅದರ ಬೆನ್ನಿನ ಮೇಲೆ ಹೂಡಲೋ ಎಂದು ಕೇಳಿದೆ. ಮಲಗಲು ಒಂದು ಗೇಣು ಹಲಗೆಯಿಲ್ಲ. ಇವರು ಮಾತ್ರ ಕೆಳಗೆ ಬಗ್ಗಿ ಅದರ ಹೊಟ್ಟೆ ನೋಡಿದರು. ಹೊಟ್ಟೆ ಆಳ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಊರುಗಳ ಗೋಡೆಗೆ ಬಡಿಯುತ್ತದೆ, ದಡಕ್ಕೂ ಬರುವುದಿಲ್ಲ ಎಂದರು.

ಒಂದು ಕಳೆಯಿತು. ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕೊಡಿಸಿದರು. ಎರಡು ಕೊಂಡು ಇಬ್ಬರೂ ಕುಡಿದೆವು. ಇಂಥದ್ದು ನಮಗೆ ಅಭ್ಯಾಸವಿಲ್ಲ.

ಜೂನ್ 14, ಗುರುವಾರ

ನೀರಿನ ಮೇಲೆ ಕಾಲಿಟ್ಟೆ. ಇಟ್ಟೆ ಎನ್ನುವುದೂ ಸುಳ್ಳೇ.

ಕೋಟೆಯೂರಿನ ಪೊನ್ನುಸ್ವಾಮಿ ಜನ ದಾಟಿಸುವ ದೋಣಿಯನ್ನು ಮಾರುತ್ತಾನೆ. ಹಸಿರು ಪೇಂಟು ಹೊಸದಾಗಿ ಬಳಿದು, ಮೂತಿಗೆ ಕುಂಕುಮವಿಟ್ಟು ನಿಲ್ಲಿಸಿದ್ದ. ಅಗಲವಾಗಿದೆ, ಮೇಲೆ ಸೂರು ಹಾಕಿಸಿದರೆ ಒಂದು ಸಂಸಾರವೇ ಇರಬಹುದು. ನೀರಿನ ಮೇಲೆ ನೋಡದೆ ದೋಣಿ ಕೊಳ್ಳಬಾರದು ಎಂದು ಇವರು ಹತ್ತಿದರು. ದಡದಲ್ಲಿ ಒಬ್ಬಳೇ ನಿಂತರೆ ನಾಲ್ಕು ಜನ ನಗುತ್ತಾರೆಂದು ನಾನೂ ಹತ್ತಿದೆ. ಹತ್ತಿ, ಕಾಲೆರಡನ್ನೂ ಹಲಗೆಯ ಮೇಲಕ್ಕೆ ಎಳೆದುಕೊಂಡು ಕೂತೆ. ತಪ್ಪಾಯಿತು ತಾತ, ತಪ್ಪಾಯಿತು ಅಜ್ಜಿ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಪೊನ್ನುಸ್ವಾಮಿ ನನ್ನನ್ನು ನೋಡಿ, ಅತ್ತೆ, ಮೊಟ್ಟೆ ಮೇಲೆ ಕೂತ ಕೋಳಿ ಹಂಗೆ ಕೂತವ್ರಲ್ಲ ಎಂದ.

ಹಾಗೆ ಕೂತಿದ್ದರಿಂದಲೇ ಕಣ್ಣು ಹಲಗೆಯ ಮೇಲೆ ಬಿತ್ತು. ಪೇಂಟು ಒಂದೊಂದು ಕಡೆ ಉಬ್ಬಿದೆ. ಸಂತೆಯಲ್ಲಿ ಕಜ್ಜಿ ಕುರಿಗೆ ಎಣ್ಣೆ ಸವರಿ ಮಿರಮಿರ ಮಿಂಚಿಸಿ ಮಾರುವವರನ್ನು ನಾನು ನೋಡದವಳೇ? ತಲೆಯ ಪಿನ್ನು ತೆಗೆದು ಉಬ್ಬಿದ ಕಡೆ ಒತ್ತಿದೆ. ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಇಳಿಯಿತು. ಇನ್ನೊಂದು ಕಡೆ ಒತ್ತಿದೆ, ಅಲ್ಲಿಯೂ ಇಳಿಯಿತು. ಪೊನ್ನುಸ್ವಾಮಿ ಆಕಾಶ ನೋಡಿದ.

"ನಿಮ್ಮ ದೋಣಿ ಮುಳುಗಿದ್ರೆ ನಮ್ಮ ತಾತನ ಮನೇಲೆ ಇಳೀತೀವಿ, ನಮ್ಗೇನು ಬಯ ಇಲ್ಲ," ಎಂದೆ.

ಇವರು ನಕ್ಕರು. ಗಟ್ಟಿಯಾಗಿ ನಕ್ಕರು. ಪಂಗುಣಿಯಿಂದ ಈಚೆಗೆ ಆ ನಗು ಕೇಳಿರಲಿಲ್ಲ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಎರಡೂ ಕಳೆಯಿತು.

ಜೂನ್ 24, ಭಾನುವಾರ

ನಾಗಮರೆಗೆ ಹೋಗಿದ್ದೆವು. ಬಸ್ಸು ತಪ್ಪಿತು, ಅದಕ್ಕೇ ದೋಣಿಯಲ್ಲಿ ಹೋದೆವು. ಕಾಲು ಮೇಲೆತ್ತಿಕೊಂಡೇ ಕೂತಿದ್ದೆ.

ಮಗಳು ಯಲ್ಲಮ್ಮನ ಮನೆಯಿಂದ ಕೂಗಳತೆಯಲ್ಲಿ ಅರುಣಾಚಲಂ ಎಂಬವರ ತೋಟ. ಮರದ ವ್ಯಾಪಾರ ಮಾಡಿದವರು, ಈಗ ವಯಸ್ಸಾಗಿದೆ. ಒಂದು ಕಾಲದಲ್ಲಿ ಗಾಳ ಹಾಕಿ ಮೀನು ಹಿಡಿಯುವ ಹುಚ್ಚಿಗೆ ಒಂದು ದೋಣಿ ಮಾಡಿಸಿದ್ದರಂತೆ. ಹುಣಸೆಮರದ ಕೆಳಗೆ ದಿಮ್ಮಿಗಳ ಮೇಲೆ ಕೂತಿದೆ.

ಇದ್ದದ್ದು ಇದ್ದ ಹಾಗೆ ಬರೆಯಬೇಕು. ಅದು ಚೆನ್ನಾಗಿದೆ. ತೇಗದ ಹಲಗೆ, ಪಿನ್ನು ಒತ್ತಿದೆ, ಪಿನ್ನೇ ಬಾಗಿತು. ಹೊಟ್ಟೆ ಆಳವಿಲ್ಲ, ಮೊಣಕಾಲು ನೀರಿಗೂ ಬರುತ್ತದೆ. ಇಂಜಿನ್ ಚಿಕ್ಕದು, ಕಡಿಮೆ ಎಣ್ಣೆ ಕುಡಿಯುತ್ತದಂತೆ. ನಡುವೆ ತಗಡಿನ ಸೂರಿನ ಪುಟ್ಟ ಗೂಡು, ಎರಡು ಕಡೆ ಎರಡು ಹಲಗೆಮಂಚ. ಸಂದುಗಳು ಒಣಗಿ ಬಾಯಿಬಿಟ್ಟಿವೆ. ಬಿಚ್ಚಿ, ನಾರು ತುರುಕಿ, ಹಲಗೆಗಳನ್ನು ಮತ್ತೆ ಬಿಗಿಯಬೇಕು ಎಂದರು ಇವರು. ಹೊಸ ಸೊಸೆಯ ಕೈ ಹಿಡಿದ ಹಾಗೆ ಅದರ ಅಂಚು ಹಿಡಿದುಕೊಂಡೇ ಮಾತಾಡುತ್ತಿದ್ದರು.

ನಾನು ಸುತ್ತು ಹಾಕಿ ಮೂತಿಯ ಬಳಿ ಬಂದೆ. ಎಡಗಡೆಯ ಹಲಗೆಯಲ್ಲಿ ಮರದ ಗಂಟು ಎರಡು, ಪಕ್ಕಪಕ್ಕದಲ್ಲಿ, ಸುತ್ತಿಕೊಂಡು. ಪಾಡೆ ಸುಳಿ. ದನದ ಮೈಮೇಲೆ ಹೀಗೆ ಚಟ್ಟದ ಎರಡು ಬಿದಿರಿನಂತೆ ಜೋಡಿ ಸುಳಿ ಇದ್ದರೆ ಅದನ್ನು ಮನೆಗೆ ಯಾರೂ ಕೊಳ್ಳುವುದಿಲ್ಲ. ಕೊಂಡ ಮನೆಯಿಂದ ಹೆಣ ಹೊರಡುತ್ತದೆ. ಈ ದೋಣಿಯನ್ನು ಓಡಿಸುವವರು ಯಾರು? ಇವರು.

ಬೇಡ ಎಂದೆ. ಕಾರಣ ಹೇಳಿದೆ. ಅಳಿಯ ನಗು ತಡೆದುಕೊಳ್ಳಲು ಆಚೆ ಹೋದ. ಇವರು ನಗಲಿಲ್ಲ. ದೋಣಿಯ ಅಂಚಿನಿಂದ ಕೈ ತೆಗೆದರು.

"ನೀನು ಬ್ಯಾಡ ಅಂದ್ಮ್ಯಾಕೆ ಬ್ಯಾಡ," ಎಂದರು.

ಮೂರೂ ಕಳೆಯಿತು. ನಾನು ಬೇಡಿದ್ದನ್ನೇ ಮಾದಪ್ಪ ಕೊಟ್ಟ.

ಜೂನ್ 27, ಬುಧವಾರ

ಮತ್ತೆ ಕಂಬಕ್ಕೆ ಒರಗಿದ್ದಾರೆ.

ಮಗ ಅಣ್ಣಯ್ಯಪ್ಪ ಫ್ಯಾಕ್ಟರಿಯಿಂದ ಬಂದವನು, "ದೋಣಿಗೂ ಸುಳಿ ನೋಡ್ತಾರೇನವ್ವ? ನನ್ನ ಸೈಕಲ್ಲಿಗೂ ಒಂದ್ಸಲ ನೋಡ್ಬುಡು," ಎಂದ. ಮನೆಗೆ ತರುವುದು ಏನೇ ಆಗಲಿ ನೋಡಿ ತರಬೇಕು ಎಂದೆ. ಅನ್ನ ಸೀದಿತ್ತು. ಹಾಗೆಯೇ ಬಡಿಸಿದೆ.

ಜುಲೈ 5, ಗುರುವಾರ

ಯಲ್ಲಮ್ಮನ ಮಗುವಿಗೆ ಹಲ್ಲು ಬರುತ್ತಿದೆ ಎಂದು ನಾನೊಬ್ಬಳೇ ನೋಡಿಬಂದೆ. ಬಸ್ಸಿನಲ್ಲಿ ಹೋದರೆ ಬಿಸಿಲು. ದೋಣಿಯಲ್ಲೇ ಹೋದೆ.

ಹಾಗೆಯೇ ಅರುಣಾಚಲಂ ತೋಟಕ್ಕೂ ಹೋದೆ. ಎಷ್ಟು ಕೆಟ್ಟ ಸುಳಿ ಎಂದು ಇನ್ನೊಮ್ಮೆ ನೋಡೋಣವೆಂದು. ಸುಳಿ ಇದ್ದಲ್ಲೇ ಇದೆ. ಒಳಗೆ ಹೋಗಿ ಹಲಗೆಮಂಚದ ಮೇಲೆ ಕೂತು ನೋಡಿದೆ. ಮಲಗಿಯೂ ನೋಡಿದೆ, ನನ್ನ ಉದ್ದಕ್ಕೆ ಸರಿಯಾಗಿದೆ. ಇವರು ಕಾಲು ಸ್ವಲ್ಪ ಮಡಚಬೇಕು. ಹಿಂದುಗಡೆ ಇಂಜಿನ್ನಿನ ಪಕ್ಕ ಒಲೆ ಇಟ್ಟರೆ ಹೊಗೆಯೆಲ್ಲ ಒಳಕ್ಕೇ ಬರುತ್ತದೆ. ಗೂಡಿನ ಬಲಗಡೆ ಇಡಬೇಕು, ತಗಡನ್ನು ಒಂದು ಮೊಳ ಕತ್ತರಿಸಬೇಕು. ಗೋಡೆಗೆ ಮಾದಪ್ಪನ ಪಟಕ್ಕೆ ಒಂದು ಮೊಳೆ. ಉಪ್ಪು, ಬೇಳೆಗೆ ಮಂಚದ ಕೆಳಗೆ ಜಾಗ ಧಾರಾಳವಾಗಿದೆ.

ಕೊಳ್ಳುವುದಿಲ್ಲವಾದ್ದರಿಂದ ಇದೆಲ್ಲ ಸುಮ್ಮನೆ ಬರೆದೆ. ಹೆಂಗಸರಿಗೆ ಅಡುಗೆಮನೆ ಕಂಡರೆ ಕಣ್ಣು ಹೋಗುತ್ತದೆ.

ಜುಲೈ 15, ಭಾನುವಾರ

ನಾಳೆಯಿಂದ ಆಡಿ. ಆಡಿಯಲ್ಲಿ ನಮ್ಮವರು ಮನೆ ಕೊಳ್ಳುವುದಿಲ್ಲ, ದನ ಕೊಳ್ಳುವುದಿಲ್ಲ, ಹೊಸ ಗಡಿಗೆಯನ್ನು ಕೂಡ ತಂದು ಬಳಸುವುದಿಲ್ಲ.

ಯಲ್ಲಮ್ಮ ಆಳಿನ ಕೈಲಿ ಹೇಳಿಕಳಿಸಿದ್ದಳು. ಧರ್ಮಪುರಿಯ ಕಡೆಯ ಕಲ್ಲುಗಣಿ ಕಂಟ್ರಾಕ್ಟರೊಬ್ಬ ಆ ದೋಣಿಯ ಇಂಜಿನ್ ಮಾತ್ರ ಸಾಕು, ನೀರೆತ್ತಲು ಬೇಕು ಎಂದಿದ್ದಾನಂತೆ. ಆಡಿ ಹದಿನೆಂಟು ಕಳೆದ ಮೇಲೆ ಬಂದು ಬಿಚ್ಚಿಕೊಂಡು ಹೋಗುತ್ತಾನೆ. ಮರದ ಗತಿ ಏನು ಎಂದರೆ, ಸುಣ್ಣದ ಗೂಡಿಗೆ ಹಾಕುತ್ತಾರಂತೆ.

ಇವರಿಗೆ ಹೇಳಿದೆ. ಕೇಳಿಸಿಕೊಂಡರು. "ಒಳ್ಳೆ ತೇಗ," ಎಂದರು, ಅಷ್ಟೇ. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು.

ಸಂಜೆ ದೀಪ ಹಚ್ಚುವಾಗ ಮಾದಪ್ಪನಿಗೆ ಎಂದೂ ಆಡದ ಮಾತು ಆಡಿದೆ. ಕೇಳಿದ್ದನ್ನೆಲ್ಲ ಹಾಗೆ ಕೊಟ್ಟುಬಿಡಬಾರದಪ್ಪ, ಸ್ವಲ್ಪ ಯೋಚನೆ ಮಾಡಬೇಕು ಎಂದೆ.

ಜುಲೈ 19, ಗುರುವಾರ

ಇವತ್ತು ಒಬ್ಬ ದನದ ದಲ್ಲಾಳಿ ಬಂದಿದ್ದ. ಮಾರುವುದಿಲ್ಲ ಎಂದರೂ ಕೇಳದೆ ಹಟ್ಟಿಯೊಳಗೆ ನುಗ್ಗಿ, ನಮ್ಮ ಹಸು ಕೆಂಪಿಯ ಬೆನ್ನು ಸವರಿ ನಾಲಿಗೆ ಲೊಚಗುಟ್ಟಿದ. ಅಮ್ಮಾ, ಪಾಡೆ ಸುಳಿ ಐತಲ್ಲ, ಇದನ್ನ ಹೆಂಗಮ್ಮಾ ಮನೇಲಿ ಇಟ್ಕೊಂಡಿದೀರಿ, ಬಂದಷ್ಟಕ್ಕೆ ಕೊಟ್ಟುಬಿಡಿ ಎಂದು ರಾಗ ತೆಗೆದ.

ನನಗೆ ಕೋಪ ಬಂತು. ಕೆಂಪಿ ಇದೇ ಅಂಗಳದಲ್ಲಿ, ನನ್ನ ಕೈ ಮೇಲೆ ಬಿದ್ದ ಕರು. ನನ್ನ ಅತ್ತೆ ಅದರ ಮೈ ಒರೆಸಿ, ಸುಳಿ ನೋಡಿ, ನಕ್ಕು ಸುಮ್ಮನಾಗಿದ್ದಳು. ಇವತ್ತಿಗೂ ಮನೆಗೆಲ್ಲ ಹಾಲು ಅದರದ್ದೇ.

"ಉಟ್ಟಿದ್ದು ನಮ್ಮಂಗಳದಲ್ಲಿ ಕಣಪ್ಪ," ಎಂದೆ. "ಕೊಂಡು ತಂದಿದ್ದಕ್ಕೆ ಸುಳಿ. ಮನೇಲಿ ಉಟ್ಟಿದ್ದಕ್ಕೆ ಯಾರಾದ್ರೂ ಸುಳಿ ನೋಡ್ತಾರಾ?"

ಅಂದವಳು ಹುಲ್ಲಿನ ಹೊರೆ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಕೆಂಪಿ ಹೊರೆಯ ತುದಿ ಎಳೆದುಕೊಂಡು ತಿನ್ನುತ್ತಿತ್ತು. ದಲ್ಲಾಳಿ ಏನೋ ಹೇಳುತ್ತಲೇ ಇದ್ದ, ಯಾವಾಗ ಹೋದನೋ ಗೊತ್ತಿಲ್ಲ.

ಜುಲೈ 20, ಶುಕ್ರವಾರ

ನಮ್ಮ ಗುಡಿಯ ಪೂಜಾರಪ್ಪನನ್ನು ಕೇಳಿದೆ. ಆಡಿಯಲ್ಲಿ ಸೌದೆ ಕೊಳ್ಳಬಹುದೇ? ಏನಮ್ಮಾ ಇದು, ಒಲೆ ಉರಿಯುವುದು ಬೇಡವೇ ಎಂದ. ಆಡಿಯಲ್ಲಿ ಮನೆಯಲ್ಲಿ ಒಂದು ಹುಟ್ಟಿದರೆ ದೋಷವೇ? ಹುಟ್ಟು ಸಾವು ಪಂಚಾಂಗ ನೋಡಿ ಬರ್ತಾವೇನಮ್ಮಾ ಎಂದು ನನ್ನ ಮುಖವನ್ನೇ ನೋಡಿದ. ಸೊಸೆಗೆ ವಿಶೇಷವೋ ಎಂದು ಕೇಳಿದ. ಇಲ್ಲ, ನನಗೇ ಎನ್ನುವುದರಲ್ಲಿದ್ದೆ.

ಜುಲೈ 22, ಭಾನುವಾರ

ಇವರನ್ನು ಎಬ್ಬಿಸಿಕೊಂಡು ನಾಗಮರೆಗೆ ಹೋದೆ. ಏಕೆ ಎಂದು ಹೇಳಲಿಲ್ಲ. ಕೇಳಿದ್ದಕ್ಕೆ ಸೌದೆ ತರಲು ಎಂದೆ. ಈಚೆ ದಡದಲ್ಲಿ ಸೌದೆ ಇಲ್ವೇನ್ಲೇ ಎಂದರು. ಬಡಗಿ ಮುತ್ತುಸ್ವಾಮಿಯನ್ನೂ ಜೊತೆಗೆ ಕರೆದಾಗ ಇವರಿಗೆ ಅನುಮಾನ ಬಂತು.

ಅರುಣಾಚಲಂ ಈಜಿಚೇರಿನಲ್ಲಿ ಕೂತಿದ್ದರು. ನಾನು ಸುತ್ತಿಬಳಸಲಿಲ್ಲ.

"ಅಯ್ಯಾ, ನಂಗೆ ದೋಣಿ ಬ್ಯಾಡ. ಆಡೀಲಿ ನಾವು ಕೊಳ್ಳಕಿಲ್ಲ, ಸುಳಿ ಬೇರೆ ಐತೆ. ಬರೀ ಮರ ಕೊಡಿ, ಸೌದೆಗೆ. ಇಂಜಿನ್ ಹಳೇ ಕಬ್ಬಿಣ ಅಂತ ಕೊಡಿ. ಬೆಲೆ ಮಾತ್ರ ದೋಣೀದೇ ತಕ್ಕೊಳ್ಳಿ."

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನನ್ನನ್ನು ನೋಡಿದರು.

"ಸೌದೆ ತಕ್ಕೊಂಡೋಗಿ ಏನಮ್ಮಾ ಮಾಡ್ತೀರಿ?"

"ನಮ್ಮಂಗಳದಲ್ಲಿ ಜೋಡಿಸ್ತೀವಿ. ಅದು ದೋಣಿ ಆದ್ರೆ ಆಗ್ಲಿ. ಅಲ್ಲಿ ಉಟ್ಟಿದ್ದಕ್ಕೆ ಸುಳಿ ಇಲ್ಲ, ಆಡಿ ಇಲ್ಲ."

ಅರುಣಾಚಲಂ ನಕ್ಕಿದ್ದಕ್ಕೆ ಕೆಮ್ಮು ಬಂತು, ಅವರ ಸೊಸೆ ನೀರು ತರಬೇಕಾಯಿತು. ಮರದ ವ್ಯಾಪಾರ ಮಾಡುತ್ತಲೇ ಮುದುಕನಾದೆ, ಇಂಥ ಸೌದೆ ವ್ಯಾಪಾರ ಇದೇ ಮೊದಲು ಎಂದರು. ಕಂಟ್ರಾಕ್ಟರನಿಗೆ ಏನು ಹೇಳುತ್ತೀರಿ ಎಂದೆ. ದೋಣಿ ಎಲ್ಲಿದೆ, ಇಲ್ಲಿ ದೋಣಿಯೇ ಇಲ್ಲವಲ್ಲ ಎನ್ನುತ್ತೇನೆ ಎಂದರು. ಮುತ್ತುಸ್ವಾಮಿ ಮಾತ್ರ ಗೊಣಗಿದ, ಅಂಗೇ ಎಳ್ಕೊಂಡೋದ್ರೆ ಅರ್ಧ ವೇಲೆ ಮಿಚ್ಚ ಆಗ್ತದೆ ಅಕ್ಕಾ, ಕೆಲ್ಸ ಉಳೀತದೆ ಎಂದು. ಕೆಲಸ ಉಳಿಸಬೇಡ, ಬಿಚ್ಚು ಎಂದೆ.

ಮೊದಲ ಹಲಗೆ ಕಳಚಿದಾಗ ಇವರು ಅಂಗಿ ತೆಗೆದು ಹುಣಸೆ ಕೊಂಬೆಗೆ ನೇತುಹಾಕಿ ಕೆಲಸಕ್ಕೆ ಇಳಿದರು.

ಬಾಡಿಗೆ ದೋಣಿಯಲ್ಲಿ ಎರಡು ಸಲ ಓಡಾಡಿ ಎಲ್ಲವನ್ನೂ ಈಚೆಗೆ ತಂದೆವು. ಸುಳಿಯ ಹಲಗೆಯ ಮೇಲೆ ನಾನೇ ಕೂತು ಬಂದೆ. ದೋಣಿಯಾಗುವ ಮೊದಲೇ ಅದು ಯಾರ ಕಣ್ಣಿಗೂ ಬೀಳುವುದು ಬೇಡ ಎಂದು.

ಜುಲೈ 29, ಭಾನುವಾರ

ಬರೆಯಲು ಪುರುಸೊತ್ತಿಲ್ಲ. ಅಂಗಳದ ತುಂಬ ತೇಗದ ಹೊಟ್ಟು. ಒಲೆಯನ್ನು ಎಡಗಡೆ ಇಡೋಣ ಎಂದರು ಇವರು. ಆಡಿ ಗಾಳಿ ಪಡುವಲಿಂದ ಬರುತ್ತದೆ, ಹೋಗುವಾಗ ಹೊಗೆಯೆಲ್ಲ ನನ್ನ ಕಣ್ಣಿಗೆ ಎಂದೆ. ಬಲಗಡೆಯೇ ಆಯಿತು. ಇವರ ಮಂಚವನ್ನು ಒಂದು ಗೇಣು ಉದ್ದ ಮಾಡಿಸಿದೆ. ಮುತ್ತುಸ್ವಾಮಿ, ಅಣ್ಣಾ, ಡ್ರೈವರು ಯಾರು ಇಲ್ಲಿ, ನೀವಾ ಅಕ್ಕನಾ ಎಂದು ಕೇಳಿದ. ನಾನು ಬರೀ ಕಿಳೀನರು ಎಂದರು ಇವರು. ದಿನಕ್ಕೆ ಮೂರು ಮುದ್ದೆ ಉಣ್ಣುತ್ತಿದ್ದಾರೆ.

ನೀರು ಏರುತ್ತಿದೆ. ಹಳೆ ಊರಿನ ಗುಡಿಯ ತುದಿ ಇವತ್ತು ಕಾಣಲಿಲ್ಲ.

ಆಗಸ್ಟ್ 2, ಗುರುವಾರ, ಆಡಿ ಹದಿನೆಂಟು

ನಸುಕಿನಲ್ಲಿ ಎದ್ದು ಹೆತ್ತ ಮನೆಯಲ್ಲಿ ಮಾಡುವುದನ್ನೆಲ್ಲ ಮಾಡಿದೆ. ದೋಣಿಯ ಮೈಗೆಲ್ಲ ಎಣ್ಣೆ ಹಚ್ಚಿ, ಬಿಸಿನೀರಿಗೆ ಅರಿಶಿನ ಹಾಕಿ ಮೂತಿಯಿಂದ ಬಾಲದ ತನಕ ಸುರಿದೆ. ದೃಷ್ಟಿಗೆ ಕರಿಬೊಟ್ಟಿಟ್ಟೆ. ಸೊಸೆ ನಾಚಿಕೊಂಡೇ ಆರತಿ ಎತ್ತಿದಳು. ಅಣ್ಣಯ್ಯಪ್ಪ, ತಮ್ಮ ಉಟ್ಟವ್ನೆ ಎಂದು ಬೀದಿಯಲ್ಲೆಲ್ಲ ಸಕ್ಕರೆ ಹಂಚಿ ಬಂದ.

ಹೆಸರಿಡಬೇಕಲ್ಲ. ಕಿವಿಯಲ್ಲಿ ಮೂರು ಸಲ ಹೇಳಬೇಕು. ದೋಣಿಗೆ ಕಿವಿ ಎಲ್ಲಿ ಎಂದು ಎಲ್ಲರೂ ನನ್ನನ್ನೇ ನೋಡಿದರು. ಯಾಕಿಲ್ಲ? ಮೂತಿಯ ಪಕ್ಕದಲ್ಲೇ ಇವೆ, ಎರಡು, ದೇವರು ಕೊಟ್ಟದ್ದು. ಬಾಯಿಗೆ ಸೆರಗು ಅಡ್ಡ ಹಿಡಿದು ಆ ಎರಡು ಗಂಟಿನ ಬಳಿ ಬಗ್ಗಿ ಮೂರು ಸಲ ಹೇಳಿದೆ. ಯಾರಿಗೂ ಕೇಳಿಸಲಿಲ್ಲ.

ದಡದಲ್ಲಿ ಹೆಂಗಸರೆಲ್ಲ ಕಾವೇರಮ್ಮನಿಗೆ ಕಪ್ಪುಮಣಿ, ಓಲೆ, ಅರಿಶಿನದ ದಾರ ಬಿಡುತ್ತಿದ್ದರು. ಅವರ ನಡುವೆಯೇ ದೋಣಿ ನೀರಿಗೆ ಇಳಿಯಿತು. ಸಂದಿನಲ್ಲಿ ಒಂದಿಷ್ಟು ನೀರು ಬಂತು, ಮರ ಉಬ್ಬಿದ ಮೇಲೆ ನಿಂತಿತು. ಇವರು ಇಂಜಿನ್ ಎಬ್ಬಿಸಿ ತಿರುಗಿ ನೋಡುವಷ್ಟರಲ್ಲಿ ನಾನು ಒಳಗೆ ಕೂತು ಒಲೆ ಒರೆಸುತ್ತಿದ್ದೆ.

ಆಗಸ್ಟ್ 6, ಸೋಮವಾರ, ದೋಣಿಯಲ್ಲಿ

ಇಂಜಿನ್ನಿನ ನಡುಕಕ್ಕೆ ಅಕ್ಷರ ಸೊಟ್ಟಗಾಗುತ್ತಿದೆ. ಹೋದ ಮೂರು ದಿನ ಬರೆಯಲು ಮರೆತೆ.

ನಿನ್ನೆ ಒಂದು ದಡದಲ್ಲಿ ಕುರಿ ಮೇಯಿಸುವವರು ಹಾಲು ಕೊಟ್ಟರು. ಒಬ್ಬಾಕೆ, ದೋಣಿ ಹೆಸರೇನಕ್ಕ ಎಂದು ಕೇಳಿದಳು. ನಾನು ಉಪ್ಪಿನ ಡಬ್ಬಿ ಹುಡುಕಿದೆ. ಇವರು, ಇಟ್ಟೋಳು ಇವಳು, ಏಳಲ್ಲ ಅಂತಾಳೆ ಎಂದರು. ಹಂಗಾ, ಹೇಳಬಾರದ ಹೆಸರು ಒಂದೇ ಅಲ್ವಾ ಇರೋದು ಹೆಂಗಸ್ರಿಗೆ ಎಂದು ಆಕೆ ನಕ್ಕು ಕುರಿಯ ಹಿಂದೆ ಹೋದಳು. ಇವರು ಮೂತಿಗೆ ಹೋಗಿ ಆ ಎರಡು ಗಂಟಿನ ಮೇಲೆ ಕೈಯಾಡಿಸಿ ಬಂದರು. ಕಿವಿ ಕೆಂಪಾಗಿತ್ತು, ಅವರದು.

ಇವತ್ತು ಪಾಲಾರು ಕಂಡಿತು. ನಾಳೆ ಬೆಟ್ಟ ಹತ್ತಿ ಹರಕೆ ತೀರಿಸುವುದು. ಬೆಟ್ಟ ಇಳಿದ ಮೇಲೆ ಊರಿಗೆ ತಿರುಗಿಸೋಣವಾ ಎಂದು ಕೇಳಿದರು. ಅಕ್ಕಿ ಇನ್ನೂ ಇದೆಯಲ್ಲ, ಹೊಗೇನಕಲ್ಲಿನ ಕಡೆ ನೀರು ಹೇಗಿದೆ ನೋಡಿಯೇ ಹೋಗೋಣ ಎಂದೆ.

ನೀರು ತಣ್ಣಗಿದೆ. ಕಾಲು ಇಳಿಬಿಟ್ಟು ಕೂತು ಬರೆಯುತ್ತಿದ್ದೇನೆ.